ಅಲೆಯಬೇಕಾದ್ದು ಫೈಲು, ತಾಯಿಯಲ್ಲ: ಚಿಕ್ಕಬಳ್ಳಾಪುರ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲಾ ಪಂಚಾಯಿತಿಯ ಸಿಇಒ ಅವರೇ,

ನಮಸ್ಕಾರ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅನ್ನುವುದು ಬೋರ್ಡಿಗೆ ಮಾತ್ರ. ಆನ್‌ಲೈನ್ ಅರ್ಜಿ ಹಾಕುವುದು, ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆಯುವುದು, ಅಫಿಡವಿಟ್ ಟೈಪ್ ಮಾಡುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಇಲ್ವಾ ನೋಡಿ ಹೇಳುವುದು, ಇದೇ ನನ್ನ ಜೀವನ. ಹಾಗಾಗಿ ಈ ಪತ್ರ ಬರೆಯುವುದು ಅಂದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗೆ. ನಾನು ಕೇಳುತ್ತಿರುವುದನ್ನು ನೀವು ಮಾಡಿಬಿಟ್ಟರೆ ನನ್ನ ಅಂಗಡಿಗೆ ಬರುವವರು ಕಡಿಮೆಯಾಗುತ್ತಾರೆ. ಆಗಲಿ ಬಿಡಿ. ಮದುವೆ ಆಲ್ಬಮ್ ಮಾಡಿಕೊಂಡಾದರೂ ಬದುಕುತ್ತೇನೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಚಿಕ್ಕ ಮಕ್ಕಳಿರುವ ಬಡ ಮನೆಗೆ ಕಷ್ಟ ಬಂದಾಗ, ಆ ಮನೆಯ ಪರವಾಗಿ ಇಲಾಖೆಯಿಂದ ಇಲಾಖೆಗೆ ಓಡಾಡುವ ಒಬ್ಬರು ಸರ್ಕಾರದ ಒಳಗೇ ಇರಬೇಕು. ಈಗ ಆ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿರುವುದು ತಾಯಂದಿರು. ಹೊಸ ಯೋಜನೆ ಬೇಡ. ಹೊಸ ಹುದ್ದೆಯೂ ಬೇಡ. ಹೊಸ ಆ್ಯಪ್ ಅಂತೂ ದಯವಿಟ್ಟು ಬೇಡವೇ ಬೇಡ.

ಯೋಜನೆಗಳಿಗೆ ಬರ ಇಲ್ಲ ಅಂತ ನಾನೇ ಸಾಕ್ಷಿ ಹೇಳಬಲ್ಲೆ. ದಿನಾ ಅವುಗಳ ಅರ್ಜಿಯನ್ನೇ ತುಂಬುತ್ತೇನೆ. ಹೊಟ್ಟೆಗೆ ಅನ್ನಭಾಗ್ಯ, ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ, ಶಾಲೆಯಲ್ಲಿ ಹಾಲು, ಮೊಟ್ಟೆ, ಬಿಸಿಯೂಟ, ಗಂಡ ಇಲ್ಲದವರಿಗೆ 800 ರೂಪಾಯಿ ವಿಧವಾ ವೇತನ, ಅಂಗವಿಕಲರಿಗೆ ಪಿಂಚಣಿ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಓದಿಗೆ ಸಹಾಯಧನ, ವಿದ್ಯಾರ್ಥಿವೇತನ, ಹಾಸ್ಟೆಲ್. ಎಲ್ಲ ಇದೆ. ಆದರೆ ಒಂದೊಂದೂ ಒಂದೊಂದು ಬಾಗಿಲಲ್ಲಿ ಇದೆ. ಪಡಿತರ ಚೀಟಿ ಆಹಾರ ಇಲಾಖೆ. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಇಲಾಖೆ. ಪಿಂಚಣಿ ಕಂದಾಯ ಇಲಾಖೆ. ಲೇಬರ್ ಕಾರ್ಡು ಕಾರ್ಮಿಕ ಇಲಾಖೆ. ವಿದ್ಯಾರ್ಥಿವೇತನದ ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಅದಕ್ಕೆ ಬೇಕಾದ ಜಾತಿ ಆದಾಯ ಪ್ರಮಾಣ ಪತ್ರದ ಆರ್‌ಡಿ ನಂಬರ್ ನಾಡಕಚೇರಿಯಲ್ಲಿ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಆಸ್ಪತ್ರೆ. ಯಾರ ಮನೆಯಲ್ಲಿ ಓದಿದವರು, ಬೈಕ್ ಇರುವವರು, ನಾಲ್ಕು ಜನರ ಪರಿಚಯ ಇರುವವರು ಇದ್ದಾರೋ ಅವರು ಎಲ್ಲ ಬಾಗಿಲೂ ತಟ್ಟುತ್ತಾರೆ. ಯಾರಿಗೆ ನಿಜವಾಗಿ ಬೇಕೋ ಅವರು ಎರಡನೇ ಬಾಗಿಲಿಗೇ ಸುಸ್ತು.

ಒಬ್ಬ ತಾಯಿಯ ವಿಚಾರ ಹೇಳುತ್ತೇನೆ. ಹೆಸರು ಬೇಡ, ಊರು ಬೇಡ. ಯಾವ ಕಚೇರಿ ಅನ್ನುವುದೂ ಬೇಡ. ಒಂದು ಕಚೇರಿಯ ತಪ್ಪಾಗಿದ್ದರೆ ಪತ್ರ ಯಾಕೆ ಬರೆಯಬೇಕಿತ್ತು, ಒಂದು ದೂರು ಕೊಟ್ಟು ಸುಮ್ಮನಾಗುತ್ತಿದ್ದೆ.

ಆಕೆಗೆ ರೇಷ್ಮೆ ಬಿಚ್ಚಾಣಿಕೆ ಮನೆಯಲ್ಲಿ ಕೂಲಿ. ಬಿಸಿನೀರಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ಎಳೆಯುವ ಕೆಲಸ. ಗಂಡ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಬರುತ್ತಿದ್ದವನು, ಕಾಯಿಲೆ ಬಿದ್ದು ತೀರಿಕೊಂಡ. ಮಗಳು ಏಳನೇ ಕ್ಲಾಸು. ಮಗನಿಗೆ ಐದು ತುಂಬುತ್ತಾ ಬಂದಿದೆ, ಇನ್ನೂ ಮಾತು ಬಂದಿಲ್ಲ. ಹಿಂದಿನಿಂದ ಕೂಗಿದರೆ ತಿರುಗುವುದಿಲ್ಲ ಅಂತ ಮೊದಲು ಗಮನಿಸಿದ್ದು ಅಂಗನವಾಡಿ ಟೀಚರ್. ಗಂಡ ಹೋದ ಮೇಲೆ ಆಕೆ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಾರೆ. ಹೆಸರು ಮಾತ್ರ ಇನ್ನೂ ಅತ್ತೆ ಮನೆಯ ಪಡಿತರ ಚೀಟಿಯಲ್ಲೇ ಇದೆ. ಆ ಚೀಟಿಗೆ ಅತ್ತೆ ಯಜಮಾನಿ. ಹಾಗಾಗಿ ಗೃಹಲಕ್ಷ್ಮಿ ದುಡ್ಡು ಅತ್ತೆಗೆ, ಇವರ ಮೂರೂ ಜನರ ಪಾಲಿನ ಅಕ್ಕಿಯೂ ಅಲ್ಲಿಗೇ. ಅತ್ತೆ ಕೆಟ್ಟವರೇನಲ್ಲ. ಮಗನನ್ನು ಕಳೆದುಕೊಂಡ ಮುದುಕಿ, ಅವರಿಗೂ ಅದೇ ಆಸರೆ.

ಆಕೆ ನನ್ನ ಅಂಗಡಿಗೆ ಬಂದದ್ದು ಮೊದಲು ಇ-ಕೆವೈಸಿ, ಅಂದರೆ ಬೆರಳಚ್ಚು ಕೊಟ್ಟು ಗುರುತು ಖಚಿತ ಮಾಡಿಸಲಿಕ್ಕೆ. ಮೆಷಿನ್ ಮೇಲೆ ಹೆಬ್ಬೆಟ್ಟು ಇಟ್ಟರು. ತಗೊಳ್ಳಲಿಲ್ಲ. ಸೆರಗಲ್ಲಿ ಒರೆಸಿಕೊಂಡು ಇನ್ನೊಂದು ಬೆರಳು ಇಟ್ಟರು. ಅದೂ ಇಲ್ಲ. ಹತ್ತು ಬೆರಳೂ ಆಯಿತು. ಬಿಸಿನೀರಲ್ಲಿ ನೆಂದು ನೆಂದು ಬೆರಳ ತುದಿಯ ಚರ್ಮ ಬಿಳಚಿ ಸುಲಿದಿತ್ತು, ಗೆರೆಯೇ ಇಲ್ಲ. ಬಿಚ್ಚಾಣಿಕೆ ಮಾಡುವ ಹೆಂಗಸರ ಕೈಯೆಲ್ಲ ಹೀಗೇ. ನಾಲ್ಕು ದಿನ ಕೆಲಸ ಬಿಟ್ಟು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬನ್ನಿ ಅಂತ ನಾವು ಹೇಳಿ ಕಳಿಸುತ್ತೇವೆ. ನಾಲ್ಕು ದಿನ ಕೆಲಸ ಬಿಟ್ಟರೆ ನಾಲ್ಕು ದಿನದ ಕೂಲಿ ಹೋಯಿತು. ಮುಖ ನೋಡಿ ಗುರುತು ಹಿಡಿಯುವ ವ್ಯವಸ್ಥೆ ಕೆಲವು ಕಡೆ ಬಂದಿದೆ, ಎಲ್ಲ ಕಡೆ ಇಲ್ಲ. ಜಿಲ್ಲೆಯ ಅರ್ಧ ಹೆಸರೇ ರೇಷ್ಮೆಯಿಂದ ಬಂದಿರುವಾಗ ಇದಕ್ಕೊಂದು ದಾರಿ ಯಾರೂ ಮಾಡಿಲ್ಲ ಅನ್ನುವುದು ನನಗೆ ಈಗಲೂ ಆಶ್ಚರ್ಯ.

ಇನ್ನು ಪೇಪರ್‌ಗಳ ಕಥೆ. ಮರಣ ಪ್ರಮಾಣ ಪತ್ರ ಸಿಕ್ಕಿತ್ತು. ವಂಶವೃಕ್ಷ ಬೇಕು, ಅದಕ್ಕೆ ಅಫಿಡವಿಟ್ ಬೇಕು, ಅದಕ್ಕೆ ನೋಟರಿ ಬೇಕು. ವಿಧವಾ ವೇತನಕ್ಕೆ ಒಂದು ಅರ್ಜಿ. ದುಡಿಯುವವರು ಸತ್ತರೆ ಬಡ ಕುಟುಂಬಕ್ಕೆ ಒಂದೇ ಸಲ ಬರುವ 20,000 ರೂಪಾಯಿಗೆ ಇನ್ನೊಂದು ಅರ್ಜಿ. ಎರಡೂ ಕಂದಾಯ ಇಲಾಖೆಯದ್ದೇ, ಎರಡಕ್ಕೂ ಅದೇ ದಾಖಲೆ, ಎರಡಕ್ಕೂ ಬೇರೆ ಬೇರೆ ಜೆರಾಕ್ಸ್ ಸೆಟ್. ಪಡಿತರ ಚೀಟಿಯಿಂದ ಹೆಸರು ತೆಗೆಸಲು ಒಂದು ಕಡೆ, ತವರಿನ ಚೀಟಿಗೆ ಸೇರಿಸಲು ಇನ್ನೊಂದು ಕಡೆ. ಸೇರಿಸುವ ಸೈಟು ತೆರೆದಿರುವುದು ಯಾವಾಗ ಅಂತ ನಮಗೇ ಗೊತ್ತಾಗುವುದಿಲ್ಲ, ಬೆಳಗ್ಗೆ ಇದ್ದದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಗಂಡನ ಲೇಬರ್ ಕಾರ್ಡು ನವೀಕರಣ ಆಗಿರಲಿಲ್ಲ, ಆ ಬಾಗಿಲು ಮುಚ್ಚಿತು. ಮಗನ ಕಿವಿ ಪರೀಕ್ಷೆಗೆ ಜಿಲ್ಲಾ ಕೇಂದ್ರ. ಮಗಳ ವಿದ್ಯಾರ್ಥಿವೇತನಕ್ಕೆ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನಿಷಿಯಲ್ ಬೇರೆ.

ಒಂದು ದಿನ ಆಕೆ ಕೇಳಿದ್ದು ಹೀಗೆ: "ಅಣ್ಣಾ, ನಮ್ಮ ಯಜಮಾನರು ಹೋಗಿದ್ದಾರೆ ಅಂತ ಇನ್ನೂ ಎಷ್ಟು ಜನಕ್ಕೆ ಹೇಳ್ಬೇಕು? ಸರ್ಕಾರಕ್ಕೆ ಗೊತ್ತಿಲ್ವಾ?"

ಗೊತ್ತಿದೆ ಸ್ವಾಮಿ. ಮರಣ ಪ್ರಮಾಣ ಪತ್ರ ಕೊಟ್ಟಿದ್ದೇ ಸರ್ಕಾರ. ಆದರೆ ಸರ್ಕಾರದ ಒಂದು ಕೈಗೆ ಗೊತ್ತಾದದ್ದು ಇನ್ನೊಂದು ಕೈಗೆ ಹೋಗಬೇಕಾದರೆ ಮಧ್ಯದಲ್ಲಿ ನನ್ನ ಜೆರಾಕ್ಸ್ ಮೆಷಿನ್ ಬೇಕು.

ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಚುಚ್ಚಿದ್ದು ಆ ಹುಡುಗಿಯ ವಿಷಯ. ತಾಯಿ ಕಚೇರಿಗೆ ಹೋದ ದಿನ ತಮ್ಮನನ್ನು ನೋಡಿಕೊಳ್ಳಲು ಅವಳು ಶಾಲೆಗೆ ಹೋಗುವುದಿಲ್ಲ. ಅಜ್ಜಿ ಕೂಲಿಗೆ ಹೋಗುತ್ತಾರೆ, ಮಾತು ಬಾರದ, ಕಿವಿ ಕೇಳದ ಮಗುವನ್ನು ಯಾರ ಹತ್ತಿರ ಬಿಡೋದು? ಮಕ್ಕಳನ್ನು ಶಾಲೆಯಲ್ಲಿ ಉಳಿಸಬೇಕು ಅಂತಲೇ ಇಷ್ಟೆಲ್ಲ ಯೋಜನೆ ಮಾಡಿದ್ದೇವೆ ಅಲ್ವಾ? ಅದೇ ಯೋಜನೆಗಳ ಹಿಂದೆ ಅಲೆಯುವ ದಿನಗಳಲ್ಲಿ ಈ ಹುಡುಗಿಯ ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತಿದೆ. ಇದು ಯಾವ ಇಲಾಖೆಯ ಲೆಕ್ಕಕ್ಕೂ ಬರುವುದಿಲ್ಲ. ಶಾಲೆಯವರು ಗೈರು ಅಂತ ಬರೆದುಕೊಳ್ಳುತ್ತಾರೆ. ಯಾಕೆ ಅನ್ನುವ ಕಾಲಂ ಆ ಪುಸ್ತಕದಲ್ಲಿ ಇಲ್ಲ.

ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಹೆಂಗಸರಿಗೆ ಬಸ್ ಟಿಕೆಟ್ ಇಲ್ಲ. ಒಳ್ಳೆಯದೇ ಆಯಿತು, ಆ ಮಟ್ಟಿಗೆ ದೊಡ್ಡ ಉಪಕಾರ. ಆದರೆ ಅಲೆದಾಟದ ಖರ್ಚು ಬಸ್ ಚಾರ್ಜ್ ಒಂದೇ ಅಲ್ಲ. ಒಂದು ದಿನದ ಕೂಲಿ, ಹೋಟೆಲಿನಲ್ಲಿ ಒಂದು ತಿಂಡಿ, ನನಗೆ ಕೊಡುವ ದುಡ್ಡು, ನೋಟರಿಗೆ ಕೊಡುವ ದುಡ್ಡು, ಮಗಳ ಒಂದು ದಿನದ ಪಾಠ. 800 ರೂಪಾಯಿ ಪಿಂಚಣಿಗೆ ಅರ್ಜಿ ಹಾಕುವಷ್ಟರಲ್ಲಿ ಎಷ್ಟು ತಿಂಗಳ ಪಿಂಚಣಿ ಖರ್ಚಾಯಿತು ಅಂತ ಲೆಕ್ಕ ಹಾಕಲು ಆಕೆಗೆ ಪುರುಸೊತ್ತಿಲ್ಲ.

ಈಗ ಒಂದು ಮುಖ್ಯ ವಿಷಯ. ಈ 800 ರೂಪಾಯಿ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು. ಮಕ್ಕಳ ರಕ್ಷಣೆಗೆ ಇರುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಒಂದು ಸಹಾಯ ಇದೆ. ಗಂಡ ಸತ್ತ ಅಥವಾ ಬಿಟ್ಟುಹೋದ ತಾಯಿಯ ಮಕ್ಕಳಿಗೆ, ಅಪ್ಪ ಅಮ್ಮ ಇಬ್ಬರೂ ಇಲ್ಲದೆ ನೆಂಟರ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ, ತಂದೆತಾಯಿ ದೊಡ್ಡ ಕಾಯಿಲೆಯಿಂದ ಹಾಸಿಗೆ ಹಿಡಿದಿರುವ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ. ಒಂದು ಮಗುವಿಗೆ ಇಷ್ಟು. ಹಳ್ಳಿಯಲ್ಲಾದರೆ ವರ್ಷದ ಆದಾಯ 72,000 ಮೀರಬಾರದು, ಪಟ್ಟಣದಲ್ಲಾದರೆ 96,000. ತಾಯಿಯ ಪಿಂಚಣಿಗಿಂತ ಐದು ಪಟ್ಟು ದೊಡ್ಡ ಮೊತ್ತ. ಪಿಂಚಣಿ ಅರ್ಜಿ ತಗೊಳ್ಳುವ ಕೌಂಟರ್‌ನಲ್ಲಿ ಮಕ್ಕಳು ಎಷ್ಟು ಅಂತ ಯಾರೂ ಕೇಳುವುದಿಲ್ಲ, ಯಾಕೆಂದರೆ ಆ ಅರ್ಜಿಗೆ ಅದು ಬೇಕಿಲ್ಲ. ಮಕ್ಕಳ ರಕ್ಷಣಾ ಘಟಕ ಜಿಲ್ಲಾ ಕೇಂದ್ರದಲ್ಲಿ. ಅವರಿಗೆ ಈ ಹಳ್ಳಿಯಲ್ಲಿ ಇಂಥ ತಾಯಿ ಇದ್ದಾರೆ ಅಂತ ಹೇಳುವವರು ಯಾರು? ಅನುದಾನಕ್ಕೆ ಮಿತಿ ಇರುತ್ತದೆ, ಸಮಿತಿ ಕೂತು ಒಪ್ಪಬೇಕು, ಕೇಳಿದವರಿಗೆಲ್ಲ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ಕೇಳುವುದಕ್ಕೇ ಗೊತ್ತಿಲ್ಲದಿದ್ದರೆ ಮಿತಿಯ ಮಾತು ಎಲ್ಲಿ ಬಂತು?

ಆ ಹುಡುಗನ ವಿಷಯದಲ್ಲಿ ಇನ್ನೂ ಅವಸರ ಇದೆ. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಕಿವಿಯೊಳಗೆ ಕೇಳಿಸುವ ಸಾಧನ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯನ್ನು ಸರ್ಕಾರವೇ ಉಚಿತವಾಗಿ ಮಾಡಿಸುತ್ತದೆ. ಆದರೆ ವಯಸ್ಸು ಮುಖ್ಯ. ಚಿಕ್ಕಂದಿನಲ್ಲೇ ಆದರೆ ಮಾತು ಕಲಿಯುತ್ತಾರೆ, ತಡವಾದಷ್ಟೂ ಫಲ ಕಡಿಮೆ. ರಾಜ್ಯದ ಶ್ರವಣ ಸಂಜೀವಿನಿ ಇರುವುದು ಆರು ವರ್ಷದೊಳಗಿನ ಮಕ್ಕಳಿಗೆ. ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಡಾಕ್ಟರ್ ಅಂಗನವಾಡಿಗೆ ಬಂದಾಗ ನೋಡಿ ಚೀಟಿ ಬರೆದುಕೊಟ್ಟಿದ್ದರು. ಅವರ ಕೆಲಸ ಅವರು ಸರಿಯಾಗಿಯೇ ಮಾಡಿದ್ದಾರೆ. ಚೀಟಿ ಮನೆಯ ಗೂಡಲ್ಲಿ ಸೇರಿತು, ಯಾಕೆಂದರೆ ಅದೇ ವಾರ ಗಂಡ ಆಸ್ಪತ್ರೆಯಲ್ಲಿದ್ದ. ಆಮೇಲೆ ಪಿಂಚಣಿ, ಪಡಿತರ ಚೀಟಿ ಅಂತ ಸುತ್ತುವುದರಲ್ಲೇ ದಿನ ಹೋಯಿತು. ಆಕೆಯ ಕೈಯಲ್ಲಿದ್ದ ಪೇಪರ್‌ಗಳಲ್ಲಿ ಯಾವುದು ತಡವಾದರೂ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅಂತ ಹೇಳುವವರು ಒಬ್ಬರೂ ಇರಲಿಲ್ಲ. ಪಿಂಚಣಿ ಆರು ತಿಂಗಳು ತಡವಾದರೆ ದುಡ್ಡಿಗೆ ತೊಂದರೆ. ಕಿವಿ ಆರು ತಿಂಗಳು ತಡವಾದರೆ ಮಾತಿಗೇ ತೊಂದರೆ. ಎಲ್ಲ ಇಲಾಖೆಯನ್ನೂ ಒಟ್ಟಿಗೆ ನೋಡುವವರಿಗೆ ಮಾತ್ರ ಇದು ಕಾಣುತ್ತದೆ.

ನಿಮ್ಮ ಕಡೆಯಿಂದ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತಿರಬೇಕು. ಸಕಾಲ ಕಾಯ್ದೆ 2011ರಲ್ಲಿ ಬಂತು, ಒಂದೊಂದು ಸೇವೆಗೂ ಇಷ್ಟು ದಿನ ಅಂತ ಗಡುವು ಬಂತು. ನಿಜಕ್ಕೂ ಬದಲಾವಣೆ ಆಗಿದೆ. ಮುಂಚೆ ಆದಾಯ ಪ್ರಮಾಣ ಪತ್ರಕ್ಕೆ ಜನ ಹೇಗೆ ಕಾಯುತ್ತಿದ್ದರು ಅಂತ ನಾನು ನೋಡಿದ್ದೇನೆ. ಆದರೆ ಸಕಾಲ ಎಣಿಸುವುದು ಅರ್ಜಿಯನ್ನು. ಒಂದು ಅರ್ಜಿಗೆ ಒಂದು ಗಡಿಯಾರ. ಈ ಅರ್ಜಿ ಮುಗಿದ ಮೇಲೇ ಮುಂದಿನದ್ದನ್ನು ಹಾಕಬೇಕು, ಅದು ಮುಗಿದ ಮೇಲೆ ಇನ್ನೊಂದು. ಒಂದೊಂದು ಗಡಿಯಾರವೂ ಸರಿಯಾದ ಸಮಯಕ್ಕೇ ನಿಲ್ಲುತ್ತದೆ. ಮನೆಯವರ ವರ್ಷ ಮಾತ್ರ ಕಳೆದುಹೋಗಿರುತ್ತದೆ. ಇನ್ನೊಂದು ಮಾತು, ಅರ್ಜಿ ತಿರಸ್ಕಾರ ಆದರೂ ಅದು ವಿಲೇವಾರಿಯೇ. "ದಾಖಲೆ ಸರಿಯಿಲ್ಲ" ಅಂತ ತಿರಸ್ಕಾರ ಆದ ಅರ್ಜಿ ನಿಮ್ಮ ಪಟ್ಟಿಯಲ್ಲಿ ಮುಗಿದ ಕೆಲಸ. ನನ್ನ ಅಂಗಡಿಯಲ್ಲಿ ಅದು ಮತ್ತೆ ಮೊದಲಿನಿಂದ.

ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯ ವರದಿಗಳನ್ನು ಪೇಪರ್‌ನಲ್ಲಿ ಓದುತ್ತಿರುತ್ತೇನೆ. ಒಬ್ಬೊಬ್ಬ ಅಧಿಕಾರಿ ಎದ್ದು ನಿಂತು ತಮ್ಮ ಇಲಾಖೆಯ ಪ್ರಗತಿ ಹೇಳುತ್ತಾರೆ. ಇಷ್ಟು ಗುರಿ, ಇಷ್ಟು ಸಾಧನೆ, ಶೇಕಡಾ ಇಷ್ಟು. ಎಲ್ಲ ಇಲಾಖೆಯವರೂ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಅಂಥ ಸಭೆಯಲ್ಲಿ ಯಾರಾದರೂ ಒಂದು ಮನೆಯ ಹೆಸರು ಎತ್ತಿ, ಈ ಮನೆಗೆ ಏನೇನು ಸೇರಿದೆ, ಏನೇನು ಸೇರಿಲ್ಲ ಅಂತ ಎಲ್ಲರನ್ನೂ ಒಟ್ಟಿಗೆ ಕೇಳಿದ್ದನ್ನು ನಾನು ಓದಿಲ್ಲ. ಕೇಳಿದರೆ ಗೊತ್ತಾಗುತ್ತದೆ. ಇಲಾಖೆಗಳ ಪ್ರಗತಿ ಶೇಕಡಾ ತೊಂಬತ್ತೇ ಇರಬಹುದು, ಉಳಿದ ಹತ್ತು ಎಲ್ಲ ಇಲಾಖೆಯಲ್ಲೂ ಅದೇ ಹತ್ತು ಮನೆಗಳಾಗಿದ್ದರೆ?

ಹಾಗೇ ಆಗುತ್ತದೆ ಅನ್ನುವುದಕ್ಕೆ ಕಾರಣವೂ ಇದೆ. ರಾಜ್ಯ ಸರ್ಕಾರದ ಹತ್ತಿರ ಕುಟುಂಬ ಅನ್ನುವ ತಂತ್ರಾಂಶ ಇದೆ. ಹೆಚ್ಚಿನವರಿಗೆ ಪಡಿತರ ಚೀಟಿಯ ನಂಬರೇ ಅದರಲ್ಲಿ ಕುಟುಂಬದ ಐಡಿ. ಒಳ್ಳೆಯ ಯೋಚನೆ, ಒಪ್ಪಿದೆ. ಆದರೆ ಪಡಿತರ ಚೀಟಿಯೇ ತಪ್ಪಿದ್ದರೆ? ಗಂಡ ಬಿಟ್ಟವರು, ತವರಿಗೆ ಬಂದವರು, ಮಗ ಸೊಸೆ ಸತ್ತು ಮೊಮ್ಮಕ್ಕಳನ್ನು ಸಾಕುವ ಅಜ್ಜಿ, ಇವರ ಸಂಸಾರ ನೆಲದ ಮೇಲೆ ಒಂದು ಥರ, ಕಂಪ್ಯೂಟರ್‌ನಲ್ಲಿ ಇನ್ನೊಂದು ಥರ. ಕಷ್ಟ ಬಂದ ಮನೆ ಅಂದರೆ ಸಾಮಾನ್ಯವಾಗಿ ಒಡೆದ ಮನೆ, ಜಾಗ ಬದಲಿಸಿದ ಮನೆ. ಅಂಥ ಮನೆಗೇ ಚೀಟಿ ಸರಿ ಇರುವುದಿಲ್ಲ. ಚೀಟಿ ಸರಿಯಿಲ್ಲದಿದ್ದರೆ ಉಳಿದ ಬಾಗಿಲುಗಳೂ ತೆರೆಯುವುದಿಲ್ಲ.

ಕೆಳಗೆ ಹಳ್ಳಿಯಲ್ಲಿ ಇನ್ನೊಂದು ತಮಾಷೆ. ಕಂದಾಯದವರಿಗೆ ಹೋಬಳಿ, ವೃತ್ತ. ಆರೋಗ್ಯದವರಿಗೆ ಪಿಎಚ್‌ಸಿ, ಉಪಕೇಂದ್ರ. ಶಾಲೆಯವರಿಗೆ ಕ್ಲಸ್ಟರ್. ಅಂಗನವಾಡಿಗೆ ಮೇಲ್ವಿಚಾರಕಿಯರ ವಲಯ. ನ್ಯಾಯಬೆಲೆ ಅಂಗಡಿಗೆ ಅದರದೇ ಗಡಿ. ಒಂದೇ ಹಳ್ಳಿಯನ್ನು ಐದು ಥರ ಹಂಚಿಕೊಂಡಿದ್ದಾರೆ. ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಟೀಚರ್ ಒಬ್ಬರಿಗೊಬ್ಬರು ಗೊತ್ತು, ಅಕ್ಕಪಕ್ಕದ ಬೀದಿಯವರು. ಅವರ ಮೇಲಿನ ಅಧಿಕಾರಿಗಳು ಎಂದಾದರೂ ಒಂದೇ ಟೇಬಲ್ಲಿನ ಮುಂದೆ ಕೂತು ಒಂದು ಮಗುವಿನ ಬಗ್ಗೆ ಮಾತಾಡಿದ್ದಾರಾ?

ಅಪೌಷ್ಟಿಕತೆಯ ಉದಾಹರಣೆ ನೋಡಿ. ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಅಳೆಯುವ ಪಟ್ಟಿ ಕೆಂಪು ತೋರಿಸುತ್ತದೆ, ಜಿಲ್ಲಾಸ್ಪತ್ರೆಯ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ ಅನ್ನುತ್ತಾರೆ. ಸುಮಾರು ಎರಡು ವಾರ ತಾಯಿ ಮಗುವಿನ ಜೊತೆ ಅಲ್ಲೇ ಇರಬೇಕು. ಊಟ ಕೊಡುತ್ತಾರೆ, ಕೂಲಿ ನಷ್ಟಕ್ಕೆ ಅಂತ ಸ್ವಲ್ಪ ದುಡ್ಡೂ ಇದೆ. ಆದರೂ ಎಷ್ಟೋ ತಾಯಂದಿರು ಹೋಗುವುದಿಲ್ಲ. ವರದಿಯಲ್ಲಿ "ತಾಯಿ ಒಪ್ಪಲಿಲ್ಲ" ಅಂತ ಬರೆಯುತ್ತಾರೆ. ಮನೆಯಲ್ಲಿ ಇನ್ನೊಂದು ಕೂಸು ಇದೆ, ಮುಂಗಡ ತಗೊಂಡ ಕಡೆ ಎರಡು ವಾರ ಕೆಲಸ ಬಿಡುವ ಹಾಗಿಲ್ಲ, ಇದನ್ನು ಯಾರೂ ಬರೆಯುವುದಿಲ್ಲ. ಅದೇ ಪಂಚಾಯಿತಿಯಲ್ಲಿ ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರ ತೆರೆದಿರಬಹುದು. ಅದು ನರೇಗಾ ಕೂಲಿಯವರ ಮಕ್ಕಳಿಗೆ ಅಂತ ಪಂಚಾಯಿತಿಯದು, ಇದು ಆರೋಗ್ಯದ್ದು. ಎರಡು ವಾರ ಆ ಇನ್ನೊಂದು ಕೂಸನ್ನು ಅಲ್ಲಿ ನೋಡಿಕೊಳ್ಳಿ ಅಂತ ಹೇಳಲು ಯಾರಿಗೂ ಅಧಿಕಾರ ಇಲ್ಲ.

ಇಲಾಖೆಗಳು ಹೀಗೆ ಬೇರೆ ಬೇರೆಯಾಗಿ ಕೆಲಸ ಮಾಡಬೇಕು ಅಂತ ಹಿಂದಿನವರು ಅಂದುಕೊಂಡಿರಲಿಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಆ ಯೋಜನೆಯ ಆರು ಸೇವೆಗಳಲ್ಲಿ ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಈ ಮೂರು ಆರೋಗ್ಯ ಇಲಾಖೆಯ ಕೈಯಲ್ಲೇ ಆಗಬೇಕಾದವು. ಅಂದರೆ ಐವತ್ತು ವರ್ಷದ ಹಿಂದೆಯೇ ಇಲಾಖೆಗಳು ಕೈ ಜೋಡಿಸಿ ಮಾಡಬೇಕಾದ ಕೆಲಸ ಅಂತಲೇ ಬರೆದಿಟ್ಟಿದ್ದರು.

ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಹತ್ತಿರದ ಸಾಕ್ಷಿ ಕೊರೊನಾ ಕಾಲ. 2021ರಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ ಪಿಎಂ ಕೇರ್ಸ್‌ನಲ್ಲಿ ಯೋಜನೆ ಬಂತು, ರಾಜ್ಯದಲ್ಲಿ ಬಾಲಸೇವಾ ಯೋಜನೆ ಬಂತು. ಆಗ ಮಕ್ಕಳು ಕಚೇರಿ ಹುಡುಕಿಕೊಂಡು ಬರಲಿ ಅಂತ ಯಾರೂ ಕಾಯಲಿಲ್ಲ. ಅಧಿಕಾರಿಗಳೇ ಮನೆ ಹುಡುಕಿಕೊಂಡು ಹೋದರು. ಮಗುವಿನ ಹೆಸರಲ್ಲಿ ಅಂಚೆ ಕಚೇರಿಯಲ್ಲಿ ಖಾತೆ ಆಯಿತು, ಹೊಣೆ ಜಿಲ್ಲಾಧಿಕಾರಿಯ ಮೇಲೆ ಬಂತು. ಶಾಲೆ, ವಿಮೆ, ದುಡ್ಡು ಎಲ್ಲ ಒಂದೇ ಕಡತದಲ್ಲಿ. ಆ ಕೆಲಸ ಮಾಡಿದ್ದು ಇದೇ ಇಲಾಖೆಗಳು, ಇದೇ ಸಿಬ್ಬಂದಿ. ಕೊರೊನಾದಿಂದ ಸಾಯದೆ ಕಟ್ಟಡದಿಂದ ಬಿದ್ದು ಸತ್ತವರ ಮಕ್ಕಳಿಗೆ, ಕುಡಿದು ಲಿವರ್ ಹೋಗಿ ಸತ್ತವರ ಮಕ್ಕಳಿಗೆ ಅದೇ ಥರದ ಒಂದು ಕಡತ ಯಾಕೆ ಆಗಬಾರದು?

ಹಾಗಾಗಿ ನನ್ನ ಕೋರಿಕೆ ಇಷ್ಟು. ಮರಣ ನೋಂದಣಿ ಆಗುವ ಜಾಗದಿಂದಲೇ ಶುರು ಮಾಡಿ. ಸತ್ತವರಿಗೆ ಹದಿನೆಂಟು ವರ್ಷದೊಳಗಿನ ಮಕ್ಕಳಿದ್ದಾರಾ ಅನ್ನುವ ಒಂದು ಪ್ರಶ್ನೆ ಅಲ್ಲಿ ಕೇಳಿಸಿ. ಇದ್ದಾರೆ ಅಂದರೆ ಆ ಮನೆಯ ಹೆಸರಲ್ಲಿ ಪಂಚಾಯಿತಿಯಲ್ಲಿ ಒಂದು ಕಡತ ತೆರೆಯಲಿ. ಪಿಂಚಣಿ, 20,000 ರೂಪಾಯಿ, ಪಡಿತರ ಚೀಟಿ, ಲೇಬರ್ ಕಾರ್ಡು, ಪ್ರಾಯೋಜಕತ್ವ, ಮಕ್ಕಳ ಶಾಲೆ, ಆರೋಗ್ಯ, ಎಲ್ಲ ಆ ಒಂದೇ ಕಡತದಲ್ಲಿ. ಆ ಕಡತಕ್ಕೆ ಒಬ್ಬರು ಹೊಣೆ, ಅವರ ಹೆಸರು ಮತ್ತು ಫೋನ್ ನಂಬರ್ ತಾಯಿಯ ಕೈಯಲ್ಲಿ ಇರಲಿ. ಸಾವು ಆಗದ ಮನೆಗಳೂ ಇವೆ ಅಂತ ಗೊತ್ತು. ಆಸ್ಪತ್ರೆಗೆ ಸೇರಬೇಕಾದ ಮಗು, ಶಾಲೆ ಬಿಟ್ಟ ಮಗು, ಅಂಗವಿಕಲ ಮಗು, ಇವರಿಗೂ ಇದೇ ದಾರಿ ಆಗಬೇಕು. ಆದರೆ ಎಲ್ಲಿಂದಾದರೂ ಶುರುವಾಗಬೇಕಲ್ಲ.

ಇನ್ನು, ಸರ್ಕಾರವೇ ಕೊಟ್ಟ ದಾಖಲೆಯ ಪ್ರತಿಯನ್ನು ಸರ್ಕಾರದ ಇನ್ನೊಂದು ಕಚೇರಿ ಜನರಿಂದ ಕೇಳಬಾರದು. ನಂಬರ್ ಕೊಟ್ಟರೆ ಸಾಕು, ನೋಡಿಕೊಳ್ಳುವುದು ಅವರ ಕೆಲಸ. ಇದಕ್ಕೆ ಕಾನೂನು ಬದಲಿಸಬೇಕಾಗಿಲ್ಲ, ನಿಮ್ಮದೊಂದು ಸುತ್ತೋಲೆ ಬಂದರೂ ಅರ್ಧ ಸಾಲು ಕರಗುತ್ತದೆ ಅಂತ ನನ್ನ ಅಂದಾಜು.

ಹೊಣೆ ಯಾರಿಗೆ ಕೊಡುವುದು? ಇಲ್ಲಿ ಒಂದು ಎಚ್ಚರಿಕೆ. ದಯವಿಟ್ಟು ಇದನ್ನೂ ಅಂಗನವಾಡಿ ಟೀಚರ್ ತಲೆಗೆ ಕಟ್ಟಬೇಡಿ. ಅವರು ಈಗಾಗಲೇ ಅಡುಗೆ, ಪಾಠ, ತೂಕ, ಪೋಷಣ್ ಟ್ರ್ಯಾಕರ್ ಆ್ಯಪ್, ಸರ್ವೆ, ಮತದಾರರ ಪಟ್ಟಿ ಅಂತ ಹೈರಾಣಾಗಿದ್ದಾರೆ. ಪೌಷ್ಟಿಕ ಆಹಾರದ ಪೊಟ್ಟಣ ಕೊಡುವಾಗ ತಾಯಿಯ ಮುಖಕ್ಕೆ ಫೋನ್ ಹಿಡಿದು, ನೆಟ್‌ವರ್ಕ್ ಬರಲಿ ಅಂತ ಅಂಗಳದಲ್ಲಿ ಓಡಾಡುವುದನ್ನು ನೀವೂ ನೋಡಿರಬಹುದು. ಅವರನ್ನು ಕೇಳಿ ಮಾಹಿತಿ ತಗೊಳ್ಳಿ, ಕೆಲಸ ಹೊರಿಸಬೇಡಿ. ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು, ಕಚೇರಿ ಅಲೆದಾಟ ಅಂದರೆ ಏನು ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ. ಗೌರವಧನ ಹೆಚ್ಚಿಸಿ ಅವರಿಗೆ ಈ ಕೆಲಸ ಕೊಡಬಹುದು. ಅಥವಾ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರೇ ಹೊಣೆ ಹೊತ್ತು, ಓಡಾಟವನ್ನು ಇರುವ ಸಿಬ್ಬಂದಿಯಲ್ಲೇ ಒಬ್ಬರಿಗೆ ಒಪ್ಪಿಸಬಹುದು. ಪಂಚಾಯಿತಿಯಲ್ಲಿ ಸಾಮಾಜಿಕ ನ್ಯಾಯ ಸಮಿತಿ ಇದೆ, ಮಕ್ಕಳ ರಕ್ಷಣಾ ಸಮಿತಿ ಇದೆ. ಅವು ಇರುವುದು ಗೊತ್ತಾಗುವುದು ಫೋಟೊ ತೆಗೆಸಿಕೊಳ್ಳುವ ದಿನ ಮಾತ್ರ. ತಿಂಗಳಿಗೆ ಒಂದು ದಿನ ಗ್ರಾಮ ಆಡಳಿತಾಧಿಕಾರಿ, ಅಂಗನವಾಡಿ ಮೇಲ್ವಿಚಾರಕಿ, ಆರೋಗ್ಯದವರು, ಶಾಲಾ ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿ, ಆಹಾರ ಇಲಾಖೆಯವರು ಪಂಚಾಯಿತಿಯಲ್ಲಿ ಒಟ್ಟಿಗೆ ಕೂತು ಆ ಕಡತಗಳನ್ನು ಒಂದೊಂದಾಗಿ ಬಿಡಿಸಿದರೆ ಸಾಕು. ಇಲಾಖೆವಾರು ಅಲ್ಲ, ಮನೆವಾರು.

ಇಂಥ ಕಡತ ಎಲ್ಲರ ಕೈಗೂ ಸಿಗಬಾರದು, ಇದನ್ನೂ ಹೇಳಲೇಬೇಕು. ಊರಲ್ಲಿ ಯಾರ ಮನೆಯಲ್ಲಿ ಏನಾಯಿತು ಅನ್ನುವುದು ಕಟ್ಟೆಯ ಮೇಲಿನ ಮಾತಾಗಬಾರದು. ಎಚ್‌ಐವಿ ಇರುವ ತಾಯಿ ಇರಬಹುದು, ದೌರ್ಜನ್ಯಕ್ಕೆ ಒಳಗಾದ ಮಗು ಇರಬಹುದು. ಅಂಥ ಮಕ್ಕಳ ಗುರುತು ಬಯಲು ಮಾಡುವುದು 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅಪರಾಧ. ಫಲಾನುಭವಿಗಳ ಪಟ್ಟಿ, ಚೆಕ್ ಹಿಡಿದ ಫೋಟೊ, ವಾಟ್ಸಾಪ್ ಗ್ರೂಪಿಗೆ ಹಾಕುವ ಚಟ ನಮ್ಮಲ್ಲಿ ಜಾಸ್ತಿ. ಅದಕ್ಕೆ ಮೊದಲೇ ಬೇಲಿ ಹಾಕಿ.

ಬಾಗೇಪಲ್ಲಿ, ಚೇಳೂರು, ಗುಡಿಬಂಡೆ ಕಡೆಯ ತಾಯಂದಿರ ಮನೆಮಾತು ಬಹುಪಾಲು ತೆಲುಗು. ಕಷ್ಟವನ್ನು ಅವರು ತೆಲುಗಿನಲ್ಲಿ ಹೇಳುತ್ತಾರೆ, ಅರ್ಜಿ ಇರುವುದು ಕನ್ನಡದಲ್ಲಿ, ಪೋರ್ಟಲ್‌ನ ಎರರ್ ಬರುವುದು ಇಂಗ್ಲಿಷಿನಲ್ಲಿ. ಆ ಕಡೆಗೆ ಎರಡೂ ಬಲ್ಲವರನ್ನೇ ಕೂರಿಸಿ. ದ್ರಾಕ್ಷಿ ತೋಟ, ಕಲ್ಲು ಕ್ವಾರಿ, ಇಟ್ಟಿಗೆ ಗೂಡಿಗೆ ಹೊರಗಿನಿಂದ ಬಂದು ಗುಡಿಸಲು ಹಾಕಿಕೊಂಡಿರುವವರ ಮಕ್ಕಳನ್ನೂ ಲೆಕ್ಕಕ್ಕೆ ತಗೊಳ್ಳಿ. ಅವರ ಚೀಟಿ ಬೇರೆ ಊರಲ್ಲಿದ್ದರೂ ಅಕ್ಕಿ ಇಲ್ಲಿ ಸಿಗುವ ವ್ಯವಸ್ಥೆ ಇದೆ, ಅಂಗನವಾಡಿಯ ನೋಂದಣಿಯನ್ನೂ ಇಲ್ಲಿಗೆ ಬದಲಿಸಬಹುದು. ಹೇಳುವವರು ಬೇಕು ಅಷ್ಟೆ.

ಇಡೀ ಜಿಲ್ಲೆಗೆ ಒಂದೇ ಸಲ ಮಾಡಿ ಅಂತ ನಾನು ಕೇಳುವುದಿಲ್ಲ. ದೊಡ್ಡದಾಗಿ ಉದ್ಘಾಟನೆ ಆದದ್ದು ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಒಂದು ಹೋಬಳಿ ಆರಿಸಿಕೊಳ್ಳಿ. ಬಿಚ್ಚಾಣಿಕೆ ಮನೆಗಳು ಜಾಸ್ತಿ ಇರುವ ಕಡೆ ಒಂದು, ತೆಲುಗು ಗಡಿಯ ಕಡೆ ಇನ್ನೊಂದು ಆದರೆ ಇನ್ನೂ ಒಳ್ಳೆಯದು. ಒಂದು ವರ್ಷ ನಡೆಸಿ ನೋಡಿ. ವರ್ಷದ ಕೊನೆಗೆ ಎಷ್ಟು ಅರ್ಜಿ ವಿಲೇವಾರಿ ಆಯಿತು ಅಂತ ಕೇಳಬೇಡಿ. ಅಪ್ಪನೋ ಅಮ್ಮನೋ ಹೋದ ದಿನದಿಂದ ಆ ಮನೆಗೆ ಸಿಗಬೇಕಾದ್ದೆಲ್ಲ ಸಿಗಲು ಎಷ್ಟು ದಿನ ಹಿಡಿಯಿತು, ಅಷ್ಟರಲ್ಲಿ ಮಕ್ಕಳು ಎಷ್ಟು ದಿನ ಶಾಲೆ ತಪ್ಪಿಸಿದರು, ಈ ಎರಡನ್ನು ಮಾತ್ರ ಕೇಳಿ.

ನನಗೆ ಉತ್ತರ ಬರೆಯಬೇಕಾಗಿಲ್ಲ. ಆದೇಶ ಮಾಡಿದರೆ ಅದರ ಪ್ರತಿಯನ್ನು ಎಲ್ಲ ಗ್ರಾಮ ಪಂಚಾಯಿತಿಗಳ ನೋಟಿಸ್ ಬೋರ್ಡಿಗೆ, ನ್ಯಾಯಬೆಲೆ ಅಂಗಡಿಗಳ ಗೋಡೆಗೆ ಹಚ್ಚಿಸಿ. ಅಷ್ಟಕ್ಕೆ ಬೇಕಾದ ಜೆರಾಕ್ಸ್ ನಾನೇ ದುಡ್ಡಿಲ್ಲದೆ ಮಾಡಿಕೊಡುತ್ತೇನೆ. ಪೇಪರ್ ಮಾತ್ರ ನಿಮ್ಮದು.

ಇತಿ,
ತಾಲ್ಲೂಕು ಕೇಂದ್ರದ ಒಬ್ಬ ಜೆರಾಕ್ಸ್ ಅಂಗಡಿಯವನು
ಚಿಕ್ಕಬಳ್ಳಾಪುರ ಜಿಲ್ಲೆ